ಕರಡಿ ಬೀಜ ಹಾಳು ಮಾಡುತ್ತೆ ಅನ್ನೋ ಮೆಸೇಜ್ ತಪ್ಪು

ಚಿತ್ರದುರ್ಗದ ವಾಟ್ಸಾಪ್ ಗ್ರೂಪಲ್ಲೆಲ್ಲಾ ಊರ ಪಕ್ಕದ ಜೋಗಿಮಟ್ಟಿ ಕಾಡಿನ ಬಗ್ಗೆ "ಜೋಗಿಮಟ್ಟಿ ಕರಡಿಗಳು ಹಣ್ಣು ತಿಂದು ಬೀಜ ಎಲ್ಲಾ ಅರೆದು ಹಾಕ್ತವೆ, ಅದಕ್ಕೇ ಕಾಡು ಬೆಳೀತಿಲ್ಲ" ಅಂತ ಮೆಸೇಜ್ ಓಡಾಡ್ತಿದೆ. ಇದು ತಪ್ಪು. ಕರಡಿ ನೇರಳೆ, ಬೋರೆ, ಅತ್ತಿ, ಕಕ್ಕೆಕಾಯಿ ತಿನ್ನೋದು ನಿಜ, ಆದ್ರೆ ಬಹುತೇಕ ಬೀಜ ಜೀರ್ಣ ಆಗಲ್ಲ, ಹಂಗೇ ಇಡಿಯಾಗಿ ಹಿಕ್ಕೆ ಜೊತೆ ಹೊರಗೆ ಬರುತ್ತೆ, ಅದೂ ತಾಯಿಮರದಿಂದ ದೂರ ಎಲ್ಲೋ ಬಂಡೆ ಸಂದೀಲಿ, ಗೊಬ್ಬರದ ಸಮೇತ. ಸಂಶೋಧಕರು ಇಂಥ ಬೀಜ ಬಿತ್ತಿ ಮೊಳಕೆ ಬರೋದನ್ನ ನೋಡಿದಾರೆ. ಕರಡಿ ಹತ್ರ ಹೋಗ್ಬೇಡಿ, ಅದು ಬೇರೆ ಮಾತು. ಆ ಮೆಸೇಜ್ ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ, ಈಗಾಗ್ಲೇ ಕಳ್ಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.