‘ಎಲ್ಲರೂ ಒಪ್ಪಿದರು’ ಅನ್ನೋ ಸಾಲಿನ ಬಗ್ಗೆ

ಗುಂಪು ಚರ್ಚೆಯ ವರದಿ ಹೇಗಿರಬೇಕು ಅನ್ನೋ ಬಗ್ಗೆ ಒಂದು ಲೇಖನ ಓದಿದೆ. ವರದಿ ಒಂದೇ ಪುಟದಲ್ಲಿರಬೇಕು, ತೀರ್ಮಾನಗಳಷ್ಟೇ ಸಾಕು ಅಂತ ಅದರ ಲೇಖಕರು ಬರೆದಿದ್ದಾರೆ. ಓದುವವರಿಗೆ ಸುಲಭ, ನಿಜ. ಆದರೆ ‘ಎಲ್ಲರೂ ಒಪ್ಪಿದರು’ ಅನ್ನೋ ಸಾಲು ಎಷ್ಟೋ ಸಲ ಅರ್ಧ ಸುಳ್ಳು, ಅಲ್ವಾ? ಒಬ್ಬರು ತಕ್ಷಣ ‘ಸರಿ’ ಅಂದಿರುತ್ತಾರೆ. ಇನ್ನೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನಿನ ಮುಚ್ಚಳ ಹಾಕಿ, ‘ಸರಿ... ನೋಡೋಣ’ ಅಂದಿರುತ್ತಾರೆ. ವರದಿಯಲ್ಲಿ ಎರಡೂ ಒಂದೇ.

ಮಾತುಕತೆಯನ್ನೇ ಅಧ್ಯಯನ ಮಾಡುವವರು ಇದನ್ನು ಯಾವತ್ತೋ ಗಮನಿಸಿದ್ದಾರೆ. ಅವರಲ್ಲೊಬ್ಬರಾದ ಅಮೆರಿಕದ ಗೇಲ್ ಜೆಫರ್ಸನ್, ಆಡಿದ ಮಾತನ್ನು ಬರಹಕ್ಕಿಳಿಸಲು ರೂಪಿಸಿದ ಪದ್ಧತಿಯಲ್ಲಿ ಮೌನವನ್ನೂ ಬರೆಯುತ್ತಾರೆ, ಅದೂ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದ ಕಡೆ ಚೌಕ ಕಂಸ. ಎಳೆದು ಹೇಳಿದ ಸ್ವರಕ್ಕೆ ಕೋಲನ್ (:). ನಗುವಿಗೂ ಜಾಗ ಇದೆ. ಇದೇ ಕ್ಷೇತ್ರದ ಹಾರ್ವೆ ಸ್ಯಾಕ್ಸ್, ಇಮ್ಯಾನ್ಯುಯೆಲ್ ಶೆಗ್ಲಾಫ್ ಜೊತೆ ಆಕೆ 1974ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವೇ ಜನ ಸರದಿ ಹಂಚಿಕೊಂಡು ಮಾತಾಡುವ ರೀತಿ.

ಮಾಮೂಲಿ ಸಭೆಗೆ ಇಷ್ಟೆಲ್ಲ ಜಾಸ್ತಿಯಾಯಿತು, ಯಾರೂ ಓದುವುದಿಲ್ಲ. ಆಡಿಯೊ ಇಡೋಣ ಅಂದರೆ, ರೆಕಾರ್ಡರ್ ಕಂಡ ಕೂಡಲೇ ಕೆಲವರ ಮಾತು ಭಾಷಣ ಆಗಿಬಿಡುತ್ತದೆ. (ಆಮೇಲೆ ಅಷ್ಟುದ್ದ ಕೂತು ಕೇಳೋರು ಯಾರು?) ಅದಕ್ಕಿಂತ, ಟಿಪ್ಪಣಿ ಬರೆಯುವವರ ಪಕ್ಕ ಇನ್ನೊಬ್ಬರು ಕೂರಲಿ. ನಾಲ್ಕು ಮಾತನ್ನು ಆಡಿದ ಹಾಗೇ ಬರೆದುಕೊಳ್ಳಲಿ. ಎಲ್ಲಿ ನಗು ಬಂತು, ಯಾವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅನ್ನೋದೂ ಸೇರಲಿ. ಆದರೆ ಹಂಚುವ ಮೊದಲು ಮಾತಾಡಿದವರಿಗೇ ತೋರಿಸಬೇಕು. ಹೆಸರು ಹಾಕಬೇಕೋ ಬೇಡವೋ, ಅವರೇ ಹೇಳಲಿ.