ನೀಲ್ ಸೈಮನ್ ಬರೀ ನಗಿಸಿದವರಲ್ಲ

ಅಮೆರಿಕದ ನಾಟಕಕಾರ ನೀಲ್ ಸೈಮನ್ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಅವರನ್ನು "ನಗಿಸೋದೊಂದೇ ಗೊತ್ತಿದ್ದ ನಾಟಕಕಾರ" ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ.

ನಗಿಸಿದ್ದು ನಿಜ. ಟಿವಿಗೆ ಹಾಸ್ಯ ಬರೆದು ಪಳಗಿದವರು, 1961ರಲ್ಲಿ ಮೊದಲ ನಾಟಕ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ತಾಣ ಬ್ರಾಡ್‌ವೇಗೆ ಬಂತು. ಆರು ವರ್ಷದೊಳಗೆ ಒಂದೇ ಸಮಯಕ್ಕೆ ಅವರ ನಾಲ್ಕು ನಾಟಕ ಅಲ್ಲಿ ಓಡ್ತಾ ಇದ್ದವು! 1965ರ 'ದಿ ಆಡ್ ಕಪಲ್'ನಲ್ಲೂ ನೋಡಿ, ಒಬ್ಬ ಶುಚಿಯ ಹುಚ್ಚಿನವನು, ಇನ್ನೊಬ್ಬ ಮನೆಯನ್ನೇ ಕಸದ ತೊಟ್ಟಿ ಮಾಡಿಕೊಂಡವನು, ಇಬ್ಬರ ಜಗಳಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತೆ, ಆದರೆ ಇಬ್ಬರೂ ಸಂಸಾರ ಮುರಿದುಕೊಂಡು ಒಂಟಿಯಾದವರು ಅನ್ನೋದನ್ನು ಸೈಮನ್ ಒಂದು ಕ್ಷಣವೂ ಮರೆಯಲ್ಲ.

1991ರ 'ಲಾಸ್ಟ್ ಇನ್ ಯಾಂಕರ್ಸ್' ಓದಿದ್ದೀರಾ? ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂದಿದ್ದು ಆ ನಾಟಕಕ್ಕೇ. ಅದರಲ್ಲಿ ಬೆಲ್ಲಾ ಅಂತ ಒಬ್ಬಳು, ವಯಸ್ಸು ಮೂವತ್ತೈದು, ಮನಸ್ಸು ಮಗುವಿನದು. ತಾನು ಮದುವೆಯಾಗಬೇಕು ಅಂತ ಮನೆಯವರಿಗೆ ಹೇಳೋಕೆ ಎಲ್ಲರನ್ನೂ ಕೂರಿಸುತ್ತಾಳೆ, ನೀನು ಇಲ್ಲಿ ಕೂತ್ಕೋ, ನೀನು ಅಲ್ಲಿ ಅಂತ. ಅಲ್ಲಿವರೆಗೂ ನಗ್ತಾ ಇರ್ತೀವಿ. ಆಮೇಲೆ ತನಗೂ ಮಕ್ಕಳು ಬೇಕು ಅಂತಾಳೆ. ಅವಳ ತಾಯಿ, ಆ ಕಲ್ಲಿನಂಥ ಮುದುಕಿ, ಒಂದು ಮಾತೂ ಆಡದೆ ಎದ್ದು ಕೋಣೆಗೆ ಹೋಗಿಬಿಡ್ತಾಳೆ. ಬೆಲ್ಲಾ ಯಾರಾದರೂ ನನ್ನನ್ನು ಅಪ್ಪಿಕೊಳ್ಳಿ ಅಂತ ಅಳ್ತಾಳೆ. ಸುಮ್ನೆ ಓದಿದಾಗಲೇ ನನಗೆ ಗಂಟಲು ಕಟ್ಟಿತ್ತು.

ಮೊದಲ ಹೆಂಡತಿ 1973ರಲ್ಲಿ ತೀರಿಕೊಂಡ ನೋವನ್ನೇ 'ಚಾಪ್ಟರ್ ಟು' ನಾಟಕ ಮಾಡಿದವರು ಅವರು. ದಯವಿಟ್ಟು ಈ ಎರಡನ್ನೂ ಒಮ್ಮೆ ಓದಿ.