1873ರ ಕೋಲ್ಕತ್ತ ಟ್ರಾಮ್‌ಗೆ ಕರೆಂಟ್ ಇರಲಿಲ್ಲ

ಏಷ್ಯಾದ ಮೊದಲ ಎಲೆಕ್ಟ್ರಿಕ್ ಟ್ರಾಮ್ 1873ರಲ್ಲೇ ಕೋಲ್ಕತ್ತದಲ್ಲಿ ಓಡಿತೆಂಬ ಸಂದೇಶ, ಹಳೆಯ ಫೋಟೊ ಸಮೇತ, ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಹಂಚುವವರ ಅಭಿಮಾನ ಸಹಜವೇ. ಇಸವಿಯೂ ಸರಿ, ಕರೆಂಟ್ ಮಾತ್ರ ತಪ್ಪು.

ಆ ಫೆಬ್ರವರಿ 24ರಂದು ಸಿಯಾಲ್ದಾದಿಂದ ಅರ್ಮೇನಿಯನ್ ಘಾಟ್‌ಗೆ ಹೊರಟ ಟ್ರಾಮನ್ನು ಎಳೆದದ್ದು ಕುದುರೆಗಳು. ಜನ ಸಾಕಷ್ಟು ಹತ್ತಲಿಲ್ಲ, ನವೆಂಬರ್‌ನಲ್ಲೇ ನಿಂತಿತು. 1880ರಲ್ಲಿ ಮರಳಿದ್ದೂ ಕುದುರೆ ಟ್ರಾಮೇ. ವಿದ್ಯುತ್ ಬಂದದ್ದು 1902ರಲ್ಲಿ. ಅಷ್ಟರಲ್ಲಿ ಮದ್ರಾಸಿನಲ್ಲೂ ಜಪಾನಿನ ಕ್ಯೋಟೊದಲ್ಲೂ 1895ರಿಂದ ಎಲೆಕ್ಟ್ರಿಕ್ ಟ್ರಾಮ್ ಓಡುತ್ತಿತ್ತು.

ನೀವೇ ಪರೀಕ್ಷಿಸಬಹುದು. ಫೋಟೊ ದೊಡ್ಡದು ಮಾಡಿ ಚಾವಣಿ ನೋಡಿ: ಮೇಲಿನ ತಂತಿಗೆ ತಾಗುವ ಉದ್ದನೆಯ ಕೋಲು ಇದೆಯೇ? ಚಾಲಕ ನಿಲ್ಲುವಲ್ಲಿ, ತಿರುಗಿಸುವ ಹಿಡಿಯಿರುವ ನೆಟ್ಟಗಿನ ಕಬ್ಬಿಣದ ಪೆಟ್ಟಿಗೆ, ಅಂದರೆ ಕಂಟ್ರೋಲರ್, ಕಾಣುತ್ತದೆಯೇ? ಇದ್ದರೆ ಅದು 1873ರ ಗಾಡಿಯಲ್ಲ. ಮೈಮೇಲೆ ಬರೆದ ಇಸವಿಯನ್ನು ಮಾತ್ರ ನೆಚ್ಚಬೇಡಿ. ಅದು ಸೇವೆ ಶುರುವಾದ ವರ್ಷ ಇರಬಹುದು. ಬಣ್ಣವೂ ಸಾಕ್ಷಿಯಲ್ಲ: ಮರದ ಬಾಡಿಯ ತಳದಲ್ಲಿ ನೀರು ಕೂತು ಹಲಗೆ ಕೊಳೆಯುತ್ತದೆ, ಹಲಗೆ ಬದಲಿಸಿದಾಗ ಬಣ್ಣವೂ ಹೊಸದಾಗುತ್ತದೆ.